ಅಂಗೈಯ ಅರಿವು

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ನಮ್ಮ ಹಿರಿಯರು ಕೇಳಿದಾಗ ಅವರು ಆಡಿದ್ದು ಕಣ್ಣಿನ ಮಾತು. ಎದುರಿಗೇ ಕಾಣುವುದನ್ನು ತೋರಿಸಿಕೊಡುವುದಕ್ಕೆ ಮತ್ತೊಂದು ಸಾಧನವೇತಕ್ಕೆ ಎಂಬುದು ಅದರ ತಾತ್ಪರ್ಯ. ಆದರೆ ಆ ಗಾದೆಯ ಬೆನ್ನಿಗೆ, ಬಾಯಿಬಿಟ್ಟು ಹೇಳುವ ಅಗತ್ಯವೇ ಇಲ್ಲವೆನ್ನುವಷ್ಟು ಸಹಜವಾದ ಇನ್ನೊಂದು ನಂಬಿಕೆಯೂ ಉಂಟು: ಕಣ್ಣು ಅಂಗೈಯ ಕಡೆಗೆ ತಿರುಗಬೇಕಾದರೆ, ಅಲ್ಲೊಂದು ಹುಣ್ಣಾಗಿದೆಯೆಂಬ ವಾರ್ತೆಯನ್ನು ಅಂಗೈಯೇ ಮುಂಚಿತವಾಗಿ ಮುಟ್ಟಿಸಿರಬೇಕು. ಮುಳ್ಳು ಚುಚ್ಚಿದ್ದನ್ನೂ ಒಲೆಯ ಮೇಲಿನ ಪಾತ್ರೆ ಸುಟ್ಟದ್ದನ್ನೂ ಕೈ ತಾನೇ ತಿಳಿಸುತ್ತದೆ. ಕಣ್ಣು ಆಮೇಲೆ ಬಂದು ಸಾಕ್ಷಿ ನುಡಿಯುತ್ತದೆ. ಮಣಿಕಟ್ಟಿನಲ್ಲಿ ನರ ಕಡಿದುಹೋದ ಮನುಷ್ಯನಿಗಾದರೋ ಈ ಗಾದೆ ತಲೆಕೆಳಗಾಗುತ್ತದೆ. ಅವನ ಅಂಗೈಯ ಹುಣ್ಣಿಗೆ ಕನ್ನಡಿಯೇ ಬೇಕು. ಬೆರಳು ಸುಟ್ಟು ಬೊಬ್ಬೆಯೆದ್ದರೂ ಅವನಿಗೆ ಅದು ಗೊತ್ತಾಗುವುದು ಕಣ್ಣಿಗೆ ಬಿದ್ದಾಗ, ಇಲ್ಲವೆ ಮಗ್ಗುಲಲ್ಲಿರುವವರು ಕಂಡು ಹೇಳಿದಾಗ.

ಹೀಗೆ ಕಡಿದ ನರವನ್ನು ಶಸ್ತ್ರವೈದ್ಯರು ಇಂದು ಸೂಕ್ಷ್ಮದರ್ಶಕದ ಕೆಳಗಿಟ್ಟು, ಕೂದಲಿಗಿಂತಲೂ ತೆಳುವಾದ ನೂಲಿನಿಂದ ಹೊಲಿದು ಕೂಡಿಸಬಲ್ಲರು. ಕೂಡಿಸಿದ ಮೇಲೆ ಏನಾಗುತ್ತದೆಂಬ ವಿಷಯದಲ್ಲಿ ಮಾತ್ರ ಲೋಕದ ಭಾವನೆ ಬಹಳ ಸರಳವಾದದ್ದು: ತುಂಡಾದ ತಂತಿಯನ್ನು ಬೆಸೆದೊಡನೆ ದೀಪ ಹೊತ್ತಿಕೊಳ್ಳುವಂತೆ, ನರ ಕೂಡಿದೊಡನೆ, ಇಲ್ಲವೆ ಗಾಯ ಮಾಯ್ದೊಡನೆ, ಹೋದ ಸ್ಪರ್ಶ ಬಂದುಬಿಡತಕ್ಕದ್ದು, ಬಾರದಿದ್ದರೆ ಹೊಲಿಗೆ ಕೆಟ್ಟಿತು. ಈ ಭಾವನೆ ತಪ್ಪೆಂದು ತೋರಿಸುವುದು ನನ್ನ ಉದ್ದೇಶಗಳಲ್ಲಿ ಚಿಕ್ಕದು. ಹೊಲಿಗೆಯಾದ ಮೇಲೆ ಕೈಗೆ ಬರುವುದು ಕಳೆದುಹೋಗಿದ್ದ ಒಂದು ವಸ್ತುವಲ್ಲ, ಹೊಸದಾಗಿ ಸಂಪಾದಿಸಬೇಕಾದ ಒಂದು ವಿದ್ಯೆ. ಅದರಲ್ಲಿ ವೈದ್ಯನ ಪಾಲು ಒಂದು, ಶರೀರದ ಪಾಲು ಒಂದು, ಮನಸ್ಸಿನ ಪಾಲು ಒಂದು. ಈ ಮೂರನೆಯದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಚಿಕಿತ್ಸೆ ಅರ್ಧದಲ್ಲಿಯೇ ನಿಂತ ಚಿಕಿತ್ಸೆ ಎಂಬುದೇ ನಾನು ಪ್ರತಿಪಾದಿಸಬೇಕೆಂದಿರುವ ಮುಖ್ಯ ವಿಚಾರ.

ಈ ವಿಚಾರಕ್ಕೆ ನಮ್ಮ ಭಾಷೆಯೇ ಮೊದಲ ಸಾಕ್ಷಿಯಾಗಿ ನಿಲ್ಲುತ್ತದೆ. ಜ್ಞಾನಕ್ಕೆ ನಾವು ಅರಿವು ಎನ್ನುತ್ತೇವೆ. ಮೈಗೆ ಸ್ಪರ್ಶ ಗೊತ್ತಾಗದಂತೆ ಮಾಡುವ ಔಷಧದ ಕ್ರಿಯೆಗೆ ಅರಿವಳಿಕೆ ಎನ್ನುತ್ತೇವೆ. ನೀರು ಬಿಸಿಯಾಗಿದೆಯೆಂದು ಕೈಗೆ ‘ತಿಳಿಯುತ್ತದೆ’. ಪಾಠ ಮಗುವಿಗೆ ‘ತಿಳಿಯುತ್ತದೆ’. ಒಂದೇ ಕ್ರಿಯಾಪದವು ಚರ್ಮಕ್ಕೂ ಬುದ್ಧಿಗೂ ಸಲ್ಲುವುದನ್ನು ಆಕಸ್ಮಿಕವೆಂದು ತಳ್ಳಿಹಾಕುವ ಮೊದಲು, ಕಡಿದ ನರವೊಂದು ಮತ್ತೆ ಬೆಳೆಯುವ ಕಥೆಯನ್ನು ಸಾವಧಾನವಾಗಿ ನೋಡುವುದು ಲೇಸು.

ಒಬ್ಬ ದರ್ಜಿಯನ್ನು ಭಾವಿಸಿಕೊಳ್ಳೋಣ. ಕಿಟಕಿಯ ಗಾಜು ಒಡೆದು ಅವನ ಬಲ ಮಣಿಕಟ್ಟನ್ನು ಸೀಳಿ, ಅಂಗೈಯೊಳಕ್ಕೆ ಇಳಿಯುವ ಮಧ್ಯನರವನ್ನು ಕಡಿದುಬಿಟ್ಟಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಿನ ಅರ್ಧ: ಇವುಗಳ ಒಳಮೈಯ ಸ್ಪರ್ಶವೆಲ್ಲ ಆ ಒಂದು ನರದ ಅಧೀನ, ಸೂಜಿಯನ್ನು ಹಿಡಿಯುವುದಕ್ಕೂ ಬಟ್ಟೆಯ ನವಿರನ್ನು ತಿಳಿಯುವುದಕ್ಕೂ ಬೇಕಾದ ಬೆರಳುಗಳು ಸರಿಯಾಗಿ ಅವೇ. ನರ ಹೋದ ಬೆರಳು ಬೆವರುವುದನ್ನು ನಿಲ್ಲಿಸಿ ಒಣಗಿ ನುಣುಪಾಗುತ್ತದೆ. ಎಷ್ಟು ಹೊತ್ತು ನೀರಿನಲ್ಲಿಟ್ಟರೂ ಅದರ ತುದಿ ಸುಕ್ಕುಗಟ್ಟುವುದಿಲ್ಲ. ಸೂಜಿ ಜಾರಿ ಬಿದ್ದರೆ ಬಿದ್ದಿತೆಂದು ಅವನಿಗೆ ತಿಳಿಯದು. ಬೆರಳುಗಳು ಮಡಿಯುತ್ತವೆ, ನೀಳವಾಗುತ್ತವೆ. ಕೈ ಇದೆ, ಕೈಯ ಕಣ್ಣು ಹೋಗಿದೆ. ಕೈಯ ಶಸ್ತ್ರಚಿಕಿತ್ಸೆಯಲ್ಲಿ ಹೆಸರಾದ ಸ್ವೀಡನ್ನಿನ ಎರಿಕ್ ಮೋಬರ್ಗ್ ಸ್ಪರ್ಶವಿಲ್ಲದ ಕೈಯನ್ನು ಕುರುಡು ಕೈಯೆಂದೇ ಗಣಿಸಿದ್ದರು.

ಆ ನರವನ್ನು ಹೊಲಿಯುವುದೆಂದರೇನು? ನರವೆಂಬುದು ತಂತಿಯಲ್ಲ, ಹಗ್ಗವೂ ಅಲ್ಲ. ಸಾವಿರಾರು ಸೂಕ್ಷ್ಮತಂತುಗಳು ಕಟ್ಟುಕಟ್ಟಾಗಿ, ಕವಚದೊಳಗೆ ಕವಚವಾಗಿ ಅಡಕಗೊಂಡಿರುವ ಸಜೀವ ರಚನೆಯದು. ಬೆರಳ ತುದಿಯಲ್ಲಿರುವ ಸ್ಪರ್ಶದ ತಂತು, ಬೆನ್ನುಹುರಿಯ ಮಗ್ಗುಲಲ್ಲಿ ನೆಲೆಸಿರುವ ಒಂದು ಜೀವಕೋಶದ ನೀಳವಾದ ಚಾಚು ಮಾತ್ರ. ಅದಕ್ಕೆ ಪೋಷಣೆ ದೊರೆಯುವುದು ಅಷ್ಟು ದೂರದ ಆ ಕೋಶದಿಂದಲೇ. 1850ರಲ್ಲಿ ಆಗಸ್ಟಸ್ ವಾಲರ್ ಎಂಬ ಇಂಗ್ಲಿಷ್ ವೈದ್ಯನು ಕಪ್ಪೆಯ ನಾಲಗೆಯ ನರಗಳನ್ನು ಕತ್ತರಿಸಿ ನೋಡಿ, ಕಡಿತದಿಂದಾಚೆಗೆ ಉಳಿದ ಭಾಗವು ಕೆಲವೇ ದಿನಗಳಲ್ಲಿ ಶಿಥಿಲವಾಗಿ ಚೂರುಚೂರಾಗುವುದನ್ನು ವರ್ಣಿಸಿದನು. ಹೀಗಿರಲಾಗಿ, ಶಸ್ತ್ರವೈದ್ಯನು ಕೂಡಿಸುವುದು ಬದುಕಿರುವ ಒಂದು ತುದಿಯನ್ನು ಸಾಯಲಿರುವ ಮತ್ತೊಂದು ತುದಿಗೆ. ಅವನ ಸೂಜಿ ತಂತುಗಳನ್ನು ಮುಟ್ಟುವುದೇ ಇಲ್ಲ. ಅದು ಹಾಯುವುದು ಹೊರಗಿನ ಕವಚದಲ್ಲಿ. ಒಳಗೆ ತಂತುಗಳು ಅಳಿದ ಮೇಲೂ ಅವು ಹಾದುಹೋಗಿದ್ದ ಕೊಳವೆಗಳು ಬರಿದಾಗಿ ಉಳಿದಿರುತ್ತವೆ. ಅವುಗಳೊಳಗೆ, ತಂತುಗಳನ್ನು ಹೊದೆದಿದ್ದ ಷ್ವಾನ್ ಕೋಶಗಳು ಸಾಲುಗಟ್ಟಿ ನಿಂತು, ಮೇಲಿನಿಂದ ಚಿಗುರುವ ಹೊಸ ತಂತುಗಳಿಗೆ ದಾರಿಯನ್ನು ತೆರೆದಿಟ್ಟಿರುತ್ತವೆ. ವೈದ್ಯನು ಮಾಡತಕ್ಕದ್ದು ದಾರಿಯ ಬಾಯಿಗಳನ್ನು ಎದುರುಬದುರಾಗಿ ಇಡುವುದಷ್ಟನ್ನೇ. ನಡೆಯಬೇಕಾದದ್ದು ತಂತು.

ಆ ನಡಿಗೆ ಅತಿ ನಿಧಾನವಾದದ್ದು. ಹೊಲಿಗೆಯಾದ ಮೇಲೆ ಚಿಗುರೊಡೆದು ಕಡಿತವನ್ನು ದಾಟುವುದಕ್ಕೆ ಕೆಲವು ವಾರಗಳು. ಅಲ್ಲಿಂದ ಮುಂದಕ್ಕೆ ದಿನಕ್ಕೆ ಸುಮಾರು ಒಂದು ಮಿಲಿಮೀಟರು. ಮಣಿಕಟ್ಟಿನಿಂದ ಬೆರಳ ತುದಿಗೆ ಗೇಣಿಗಿಂತ ಸ್ವಲ್ಪ ಕಡಮೆಯ ದೂರವಿದ್ದರೂ ಆರು ಏಳು ತಿಂಗಳು ಹಿಡಿಯುತ್ತದೆ. ಗಾಯ ಮೊಣಕೈಯಲ್ಲಿ ಆಗಿದ್ದರೆ, ಅಲ್ಲಿಂದ ಬೆರಳ ತುದಿಯವರೆಗಿನ ಒಂದು ಮೊಳದ ಪಯಣಕ್ಕೆ ಒಂದೂಕಾಲು ವರ್ಷಕ್ಕೂ ಮಿಕ್ಕಿ ಬೇಕು. ನರದ ತುದಿಗಳ ನಡುವೆ ಬಿಡುವು ಹೆಚ್ಚಾಗಿ, ಎಳೆದು ಹೊಲಿದರೆ ಬಿಗಿತದಿಂದ ಕೆಡುಕಾಗುವ ಹಾಗಿದ್ದರೆ, ಕಾಲಿನ ಮೀನಖಂಡದ ಹಿಂದಿರುವ ಒಂದು ಸ್ಪರ್ಶನರವನ್ನು ತೆಗೆದು ಸೇತುವೆಯಾಗಿ ಇಡುವ ಪದ್ಧತಿಯುಂಟು. ಬಿಗಿತವಿಲ್ಲದ ಈ ಕಸಿಯನ್ನು 1970ರ ದಶಕದಲ್ಲಿ ರೂಢಿಗೆ ತಂದವರಲ್ಲಿ ವಿಯೆನ್ನಾ ನಗರದ ಹ್ಯಾನೋ ಮಿಲ್ಲೆಸಿ ಮುಖ್ಯರು. ಕೈಯ ಸ್ಪರ್ಶಕ್ಕಾಗಿ ಪಾದದ ಅಂಚಿನಲ್ಲಿ ಒಂದಿಷ್ಟು ಮರಗಟ್ಟುವಿಕೆಯನ್ನು ಒಪ್ಪಿಕೊಳ್ಳುವುದು. ಶರೀರದ ಲೆಕ್ಕದಲ್ಲಿ ಅದು ನ್ಯಾಯವಾದ ವಿನಿಮಯವೇ ಸರಿ.

ಈ ದೀರ್ಘವಾದ ನಿರೀಕ್ಷೆಯ ಅವಧಿಯಲ್ಲಿ ದರ್ಜಿಗೆ ಒಂದು ವಿಚಿತ್ರವಾದ ಅನುಭವವಾಗತೊಡಗುತ್ತದೆ. ಅಂಗೈಯ ಒಂದು ಜಾಗವನ್ನು ಮೆಲ್ಲಗೆ ತಟ್ಟಿದರೆ, ತಟ್ಟಿದಲ್ಲಿ ಏನೂ ತಿಳಿಯದೆ, ಇನ್ನೂ ಮರಗಟ್ಟಿಯೇ ಇರುವ ಬೆರಳುಗಳಲ್ಲಿ ಇರುವೆ ಹರಿದಂತೆ ಜುಮ್ಮೆನ್ನುತ್ತದೆ. ಒಂದನೆಯ ಮಹಾಯುದ್ಧದ ಗಾಯಾಳುಗಳನ್ನು ಪರೀಕ್ಷಿಸುತ್ತಿದ್ದ ಫ್ರಾನ್ಸಿನ ವೈದ್ಯ ಜೂಲ್ ಟಿನೆಲ್ 1915ರಲ್ಲಿ ಇದನ್ನು ವಿವರಿಸುವಾಗ ಬಳಸಿದ ಫ್ರೆಂಚ್ ಶಬ್ದವೂ ಇರುವೆಯಿಂದಲೇ ಹುಟ್ಟಿದ್ದು. ಅದೇ ವರ್ಷ, ಎದುರು ಪಕ್ಷದ ಜರ್ಮನಿಯಲ್ಲಿ ಪಾಲ್ ಹೋಫ್‌ಮನ್ ಎಂಬುವರು ಸ್ವತಂತ್ರವಾಗಿ ಇದನ್ನೇ ಕಂಡುಕೊಂಡಿದ್ದರು. ಜುಮ್ಮೆನ್ನುವ ಆ ಬಿಂದು ತಿಂಗಳು ತಿಂಗಳಿಗೆ ಬೆರಳಿನತ್ತ ಸರಿಯುತ್ತಿದ್ದರೆ ತಂತುಗಳು ಅಲ್ಲಿಯವರೆಗೆ ಬಂದಿವೆಯೆಂದು ಅರ್ಥ. ರೋಗಿಗಾದರೋ ಇದೊಂದು ಹೊಸ ಕಾಯಿಲೆಯೆಂಬ ಭಯ. ಒಳ್ಳೆಯದು ಮೊದಲು ಬರುವುದು ಕೆಟ್ಟದ್ದರ ವೇಷದಲ್ಲಿ ಎಂದು ಅವನಿಗೆ ಯಾರಾದರೂ ಮುಂದಾಗಿಯೇ ಹೇಳಿರಬೇಕು; ಹೇಳದಿದ್ದರೆ ಅವನು ಶುಭಶಕುನವನ್ನೇ ಅಪಶಕುನವೆಂದು ಎಣಿಸಿ, ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತುಬಿಟ್ಟಾನು.

ಮರಳುವ ಸಂವೇದನೆಯ ಈ ವೇಷಗಳನ್ನು ಒಳಗಿನಿಂದ ಕಾಣುವುದಕ್ಕಾಗಿ ತನ್ನ ಕೈಯನ್ನೇ ಒಪ್ಪಿಸಿದವನು ಲಂಡನ್ನಿನ ನರವೈದ್ಯ ಹೆನ್ರಿ ಹೆಡ್. ರೋಗಿಗಳನ್ನು ಕೇಳಿ ಕೇಳಿ, ಅವರ ಉತ್ತರಗಳು ಎಷ್ಟು ಅಸ್ಪಷ್ಟವೆಂದು ಬೇಸತ್ತು, ಆತನು 1903ರ ಏಪ್ರಿಲ್ 25ರಂದು ಜೇಮ್ಸ್ ಶೆರೆನ್ ಎಂಬ ಶಸ್ತ್ರವೈದ್ಯನಿಂದ ತನ್ನ ಎಡ ಮುಂಗೈಯ ಎರಡು ಚರ್ಮನರಗಳನ್ನು ಕಡಿಸಿ, ರೇಷ್ಮೆ ನೂಲಿನಿಂದ ಮತ್ತೆ ಹೊಲಿಸಿಕೊಂಡನು. ಆಮೇಲೆ ನಾಲ್ಕು ವರ್ಷಗಳಿಗೂ ಮಿಕ್ಕಿದ ಕಾಲ, ಕೇಂಬ್ರಿಜ್ಜಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿದ್ದ ಗೆಳೆಯ ಡಬ್ಲ್ಯು. ಎಚ್. ಆರ್. ರಿವರ್ಸ್ ಎದುರಿಗೆ ಆತನು ಕಣ್ಣುಮುಚ್ಚಿ ಕೈಚಾಚಿ ಕುಳಿತುಕೊಳ್ಳುವನು. ರಿವರ್ಸ್ ಹತ್ತಿಯಿಂದ ಸವರಿ, ಸೂಜಿಯಿಂದ ಚುಚ್ಚಿ, ಬಿಸಿ ತಣ್ಣನೆಯ ನಳಿಗೆಗಳನ್ನು ಮುಟ್ಟಿಸಿ ಬರೆದುಕೊಳ್ಳುವನು. ಈ ರಿವರ್ಸ್ ನಮಗೆ ಅಷ್ಟೇನೂ ಪರಕೀಯನಲ್ಲ. ಮೈಸೂರು ಸೀಮೆಯ ತೆಂಕಣ ಮಗ್ಗುಲಿಗಿರುವ ನೀಲಗಿರಿಗೆ ಬಂದು, ಅಲ್ಲಿನ ತೊದವ ಬುಡಕಟ್ಟಿನವರ ನಡುವೆ ಅವರ ಆಚಾರಗಳನ್ನೂ ಇಂದ್ರಿಯಶಕ್ತಿಗಳನ್ನೂ ಪರೀಕ್ಷಿಸಿ ಹಿಂದಿರುಗಿ ಅವನಿಗೆ ಆಗ ಹೆಚ್ಚು ಕಾಲವಾಗಿರಲಿಲ್ಲ. 1906ರಲ್ಲಿ ತೊದವರನ್ನು ಕುರಿತ ಅವನ ಗ್ರಂಥ ಪ್ರಕಟವಾಯಿತು; 1908ರಲ್ಲಿ ಗೆಳೆಯನ ಕೈಯನ್ನು ಕುರಿತ ಪ್ರಬಂಧ.

ಹೆಡ್ ಕಂಡದ್ದೇನೆಂದರೆ, ಸಂವೇದನೆ ಒಟ್ಟಿಗೆ ಬರುವುದಿಲ್ಲ, ಮೆಟ್ಟಲು ಮೆಟ್ಟಲಾಗಿ ಬರುತ್ತದೆ. ಮೊದಲು ಬರುವುದು ಚುಚ್ಚಿದ ನೋವು, ಅತಿಯಾದ ಬಿಸಿ, ಅತಿಯಾದ ಶೀತ. ಅದೂ ಚುಚ್ಚಿದ ಜಾಗದಲ್ಲಿ ನಿಲ್ಲದೆ ಸುತ್ತಲೂ ಹರಡಿ, ಕೆಲವೊಮ್ಮೆ ದೂರದ ಮತ್ತೊಂದು ಎಡೆಯಲ್ಲಿ ಕಾಣಿಸಿಕೊಂಡು, ಅಳತೆಗೆ ಮೀರಿದ ಹಿಂಸೆಯಾಗುತ್ತದೆ. ಹತ್ತಿಯ ನವಿರಾದ ಸೋಂಕು, ಒಂದು ಮೊನೆಯೋ ಎರಡು ಮೊನೆಯೋ ಎಂಬ ವಿವೇಚನೆ, ಮುಟ್ಟಿದ್ದು ಇಲ್ಲಿಯೇ ಎಂಬ ನಿರ್ಣಯ, ಇವೆಲ್ಲ ಬಹು ತಡವಾಗಿ ಬರತಕ್ಕವು. ಇದರಿಂದ ಹೆಡ್, ಒರಟು ಸಂವೇದನೆಗೂ ವಿವೇಚನೆಯ ಸಂವೇದನೆಗೂ ಬೇರೆ ಬೇರೆಯಾದ ನರವ್ಯವಸ್ಥೆಗಳೇ ಇರಬೇಕೆಂದು ಊಹಿಸಿ, ಅವಕ್ಕೆ ಪ್ರೋಟೊಪಥಿಕ್, ಎಪಿಕ್ರಿಟಿಕ್ ಎಂಬ ಹೆಸರುಗಳನ್ನಿಟ್ಟನು. ಆ ಪ್ರಬಂಧ ಬಂದ ಮರುವರ್ಷವೇ ವಿಲ್‌ಫ್ರೆಡ್ ಟ್ರಾಟರ್ ಮತ್ತು ಮಾರಿಸ್ಟನ್ ಡೇವಿಸ್ ಎಂಬ ಇಬ್ಬರು ವೈದ್ಯರು ತಮ್ಮ ಮೈಯ ನರಗಳನ್ನೂ ಕಡಿಸಿಕೊಂಡು ನೋಡಿ, ಅಂತಹ ಇಬ್ಬಗೆಯ ವ್ಯವಸ್ಥೆ ತಮಗೆ ಕಾಣಲಿಲ್ಲವೆಂದರು. ಹೆಡ್ ಕಟ್ಟಿದ ಸಿದ್ಧಾಂತ ಇಂದು ಉಳಿದಿಲ್ಲ. ಆದರೆ ಸಿದ್ಧಾಂತ ಬಿದ್ದರೂ ಅನುಭವ ಬೀಳಲಿಲ್ಲ: ಒರಟು ಮೊದಲು, ನಯ ಆಮೇಲೆ, ‘ಏನೋ ಇದೆ’ ಎಂಬುದು ಮೊದಲು, ‘ಇದು ಇಂಥದು’ ಎಂಬುದು ಆಮೇಲೆ ಎಂಬ ಆನುಪೂರ್ವಿಯನ್ನು ನರ ಹೊಲಿಸಿಕೊಂಡ ಕೈಗಳಲ್ಲಿ ವೈದ್ಯರು ಇಂದಿಗೂ ನೋಡುತ್ತಾರೆ.

ಇಲ್ಲಿ ನಮ್ಮ ನ್ಯಾಯದರ್ಶನದ ಒಂದು ವಿಭಾಗಕ್ರಮ ನೆನಪಿಗೆ ಬಾರದಿರದು. ಪ್ರತ್ಯಕ್ಷಜ್ಞಾನವನ್ನು ಆ ಪರಂಪರೆಯವರು ನಿರ್ವಿಕಲ್ಪಕವೆಂದೂ ಸವಿಕಲ್ಪಕವೆಂದೂ ಎರಡಾಗಿ ಎಣಿಸಿದರು. ನಾಮಜಾತ್ಯಾದಿ ವಿಶೇಷಣಗಳಿಲ್ಲದ ಬರಿಯ ಗ್ರಹಣ ಮೊದಲನೆಯದು, ‘ಇದು ಘಟ’ ಎಂಬ ನಿಶ್ಚಯ ಎರಡನೆಯದು. ತ್ವಗಿಂದ್ರಿಯಕ್ಕೆ ವಸ್ತು ಸೋಂಕಿದ ಮಾತ್ರಕ್ಕೆ ಜ್ಞಾನ ಹುಟ್ಟದು. ಆತ್ಮವು ಮನಸ್ಸಿನೊಡನೆ, ಮನಸ್ಸು ಇಂದ್ರಿಯದೊಡನೆ, ಇಂದ್ರಿಯ ವಿಷಯದೊಡನೆ ಕೂಡಬೇಕೆಂದೂ ಅವರು ಹೇಳಿದರು. ಇದನ್ನು ಎತ್ತಿಕೊಂಡು, ನಮ್ಮ ಪ್ರಾಚೀನರಿಗೆ ನರಗಳ ಹೊಲಿಗೆಯೂ ಗೊತ್ತಿತ್ತೆಂದು ಬೀಗುವುದು ನನ್ನ ಅಭಿಪ್ರಾಯವಲ್ಲ. ಅವರು ವಿಚಾರಮಾಡುತ್ತಿದ್ದದ್ದು ಜ್ಞಾನದ ಪ್ರಾಮಾಣ್ಯವನ್ನು, ಶರೀರದ ತಂತುಗಳನ್ನಲ್ಲ. ಆದರೆ ಸ್ಪರ್ಶವನ್ನು ಚರ್ಮದ ಸೊತ್ತೆಂದು ಭಾವಿಸದೆ, ಅದೊಂದು ಜ್ಞಾನವೆಂದೂ ಅದಕ್ಕೆ ಮನಸ್ಸಿನ ಸಂಯೋಗ ಅವಶ್ಯವೆಂದೂ ಅವರು ಹಿಡಿದ ಜಾಡು, ಈ ವಿಷಯವನ್ನು ಆಲೋಚಿಸುವುದಕ್ಕೆ ತಂತಿ ದೀಪಗಳ ಹೋಲಿಕೆಗಿಂತ ಎಷ್ಟೋ ಉತ್ತಮವಾದದ್ದು.

ಮನಸ್ಸು ಇಲ್ಲಿ ಮಾಡಬೇಕಾದ ಕೆಲಸವೇನೆಂಬುದಕ್ಕೆ ಮತ್ತೊಂದು ನಿದರ್ಶನ, ಮೈಸೂರಿನ ಇತಿಹಾಸದ ಅಂಚಿನಿಂದಲೇ ದೊರೆಯುತ್ತದೆ. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್ಜಿ ಎಂಬುವನು ಟಿಪ್ಪುವಿನ ಕಡೆಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಪುಣೆಯ ಸಮೀಪದ ಇಟ್ಟಿಗೆ ಮಾಡುವ ಕುಲದವನೊಬ್ಬ ಅವನ ಹಣೆಯ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಒಂದು ತೊಟ್ಟನ್ನು ಉಳಿಸಿಕೊಂಡು, ಕೆಳಕ್ಕೆ ತಿರುಗಿಸಿ ಹೊಸ ಮೂಗನ್ನು ಮಾಡಿಕೊಟ್ಟನು. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಇದನ್ನು ಚಿತ್ರಸಹಿತವಾಗಿ ವರದಿಮಾಡಿದ ಮೇಲೆ ಯೂರೋಪಿನ ವೈದ್ಯರು ಈ ವಿಧಾನವನ್ನು ಅನುಸರಿಸತೊಡಗಿದರು. ಅನುಸರಿಸಿದಾಗ ಅವರಿಗೊಂದು ಸೋಜಿಗ ಕಂಡಿತು. ಜರ್ಮನಿಯ ಶರೀರಶಾಸ್ತ್ರಜ್ಞ ಯೋಹಾನ್ನೆಸ್ ಮ್ಯೂಲರ್ ತನ್ನ ಗ್ರಂಥದಲ್ಲಿ ಅದನ್ನು ದಾಖಲಿಸಿದ್ದಾನೆ. ತೊಟ್ಟನ್ನು ಕತ್ತರಿಸುವವರೆಗೂ ಹೊಸ ಮೂಗನ್ನು ಮುಟ್ಟಿದರೆ, ಮುಟ್ಟಿದ್ದು ಹಣೆಯಲ್ಲಿ ಎಂದು ರೋಗಿಗೆ ತೋರುತ್ತದೆ. ಚರ್ಮ ಮೂಗಿಗೆ ಬಂದಿದೆ. ಮನಸ್ಸಿನ ಲೆಕ್ಕದಲ್ಲಿ ಅದಿನ್ನೂ ಹಣೆ. ವಾರ್ತೆ ಹೊತ್ತು ತರುವ ತಂತು ಹಳೆಯದು, ಅದು ಕೊಡುವ ವಿಳಾಸವೂ ಹಳೆಯದು.

ನರ ಹೊಲಿದ ಕೈಯಲ್ಲಿ ಈ ತೊಡಕು ಸಾವಿರ ಮಡಿಯಾಗುತ್ತದೆ. ಎಷ್ಟು ನಿಪುಣನಾದ ವೈದ್ಯನಾದರೂ ಸಾವಿರಾರು ತಂತುಗಳಲ್ಲಿ ಪ್ರತಿಯೊಂದನ್ನೂ ಅದರದರ ಕೊಳವೆಗೇ ಕಳುಹಿಸಲಾರನು. ಹೆಬ್ಬೆರಳಿನದು ತೋರುಬೆರಳಿಗೆ ಹೋಗುತ್ತದೆ, ತೋರುಬೆರಳಿನದು ನಡುಬೆರಳಿಗೆ. ಕೆಲವು ದಾರಿಯಲ್ಲಿಯೇ ಗಂಟಾಗಿ ನಿಲ್ಲುತ್ತವೆ. ಒಂದು ಬೀದಿಯ ಮನೆಗಳ ನಂಬರುಗಳನ್ನು ರಾತ್ರೋರಾತ್ರಿ ಅದಲುಬದಲು ಮಾಡಿಟ್ಟರೆ ಅಂಚೆಯವನಿಗೆ ಆಗುವ ಗೊಂದಲವೇ ಮಿದುಳಿಗೂ ಆಗುತ್ತದೆ. ಅಷ್ಟರಲ್ಲಿ ಮಿದುಳು ಸುಮ್ಮನೆ ಕುಳಿತೂ ಇರಲಿಲ್ಲ. 1983ರಲ್ಲಿ ಮೈಕೆಲ್ ಮರ್ಜೆನಿಕ್ ಮತ್ತು ಸಂಗಡಿಗರು ಕೋತಿಗಳಲ್ಲಿ ತೋರಿಸಿದಂತೆ, ಮಧ್ಯನರ ಕಡಿದಾಗ ಮಿದುಳಿನಲ್ಲಿ ಅದರ ಪಾಲಿಗಿದ್ದ ಪ್ರದೇಶ ಪಾಳುಬೀಳುವುದಿಲ್ಲ. ನೆರೆಯ ನರಗಳು ಆ ಹೊಲವನ್ನು ಉಳತೊಡಗುತ್ತವೆ. ತಿಂಗಳುಗಳ ಮೇಲೆ ಮರಳಿ ಬಂದ ನರಕ್ಕೆ ದೊರಕುವುದು ಇತರರು ಹೊಕ್ಕು ಕುಳಿತಿರುವ ನೆಲ, ತಾನು ತರುವುದು ಕಲಸಿಹೋದ ವಿಳಾಸಗಳು. ಇಂಥ ಸ್ಥಿತಿಯಲ್ಲಿ ಹಳೆಯ ಸ್ಪರ್ಶವೇ ಯಥಾವತ್ತಾಗಿ ಬರಬೇಕೆಂದು ಅಪೇಕ್ಷಿಸುವುದು, ಊರು ಬದಲಾದ ಮೇಲೂ ಹಳೆಯ ಬೀದಿಯನ್ನೇ ಹುಡುಕಿದಂತೆ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಇದೆಲ್ಲ ಸೂಜಿ ನೂಲಿನ ಒರಟುತನದ ಫಲ. ಕೌಶಲ ಹೆಚ್ಚಿದಂತೆ ತಂತುಗಳನ್ನು ಇನ್ನಷ್ಟು ಸರಿಯಾಗಿ ಎದುರುಬದುರಿಡಬಹುದು. ಆಗ ಮನಸ್ಸಿನ ಪಾಠವೆಂಬುದು ಬೇಕಾಗಲಾರದು ಎಂದು. ಕೌಶಲದ ಬೆಲೆಯನ್ನು ನಾನು ಅಲ್ಲಗಳೆಯಲಾರೆ. ಸೂಕ್ಷ್ಮದರ್ಶಕ ಬಂದ ಮೇಲೆ ಆದ ಅಭಿವೃದ್ಧಿ ನಿಜವಾದದ್ದೇ. ಆದರೆ ಒಂದು ಸಂಗತಿ ಈ ಆಕ್ಷೇಪವನ್ನು ನಿಲ್ಲಗೊಡುವುದಿಲ್ಲ. ಅದೇ ಹೊಲಿಗೆಯನ್ನು, ಅದೇ ಜಾಗದಲ್ಲಿ, ಎಳೆಯ ಮಗುವಿಗೆ ಹಾಕಿದರೆ ಬರುವ ಫಲಕ್ಕೂ ನಡುವಯಸ್ಸಿನವನಿಗೆ ಹಾಕಿದರೆ ಬರುವ ಫಲಕ್ಕೂ ಬಹಳ ಅಂತರವಿದೆ. ಮಕ್ಕಳ ಕೈಗೆ ಅನೇಕ ವೇಳೆ ಹೆಚ್ಚುಕಡಮೆ ಪೂರ್ಣವಾದ ಸ್ಪರ್ಶ ಬರುತ್ತದೆ. ವಯಸ್ಕರಲ್ಲಿ ಮೊದಲಿನ ಸೂಕ್ಷ್ಮತೆ ಪೂರ್ಣವಾಗಿ ಬರುವುದು ಅಪೂರ್ವ. ಮಕ್ಕಳಲ್ಲಿ ತಂತು ಚುರುಕಾಗಿ ಬೆಳೆಯುತ್ತದೆ, ಹೋಗಬೇಕಾದ ದೂರವೂ ಕಡಮೆ ಎಂಬುದು ನಿಜ. ಆದರೆ ಅವರಲ್ಲಿಯೂ ತಂತುಗಳು ದಾರಿ ತಪ್ಪುವುವು. ವ್ಯತ್ಯಾಸದ ಬಹುಪಾಲು ಕಲಿಯುವ ಮಿದುಳಿನಲ್ಲಿದೆಯೆಂಬುದು ಸ್ವೀಡನ್ನಿನ ಮಾಲ್ಮೊ ನಗರದ ಗೋರಾನ್ ಲುಂಡ್‌ಬೋರ್ಗ್ ಅವರು ದೀರ್ಘಕಾಲ ಎತ್ತಿಹಿಡಿದ ಅಭಿಪ್ರಾಯ. ಹೊಸ ಭಾಷೆಯನ್ನು ಮಗು ಕಲಿಯುವುದಕ್ಕೂ ದೊಡ್ಡವರು ಕಲಿಯುವುದಕ್ಕೂ ಇರುವ ಅಂತರವನ್ನೇ ಅವರು ಇದಕ್ಕೆ ಹೋಲಿಸಿದರು. ಧಾರವಾಡದ ಮನೆಯೊಂದು ಮಂಗಳೂರಿಗೆ ಹೋಗಿ ನೆಲೆಸಿದರೆ, ಮಗು ವರ್ಷದೊಳಗೆ ಬೀದಿಯ ತುಳುವನ್ನು ಆಡುತ್ತಿರುತ್ತದೆ. ತಂದೆ ಹತ್ತು ವರ್ಷವಾದರೂ ಅಂಗಡಿಯಲ್ಲಿ ತಡವರಿಸುತ್ತಾನೆ. ತಡವರಿಸುತ್ತಾನೆಯೇ ಹೊರತು ಕಲಿಯಲಾರನೆಂದಲ್ಲ. ಅವನಿಗೆ ಪಾಠ ಬೇಕು, ಮಗುವಿಗೆ ಬೇಡ, ಅಷ್ಟೆ.

ಎರಡನೆಯ ಆಕ್ಷೇಪ ಇದಕ್ಕೆ ವಿರುದ್ಧವಾದ ದಿಕ್ಕಿನಿಂದ ಬರತಕ್ಕದ್ದು. ಎಲ್ಲವೂ ಮನಸ್ಸಿನದೇ ಆದರೆ ದೃಢಸಂಕಲ್ಪವೊಂದಿದ್ದರೆ ಸಾಲದೆ? ಸಾಲದು. ತಂತು ಬಂದು ತಲುಪದ ಬೆರಳಿನ ಮಾತನ್ನು ಯಾವ ಸಂಕಲ್ಪವೂ ಕೇಳಿಸಲಾರದು. ಆಡುವವರೇ ಇಲ್ಲದ ಮನೆಯಲ್ಲಿ ಭಾಷೆ ಕಲಿಯುವ ಬಗೆ ಹೇಗೆ? ಈ ಭೇದವನ್ನು ಹೇಳದೆ, ಕೈ ಬಾರದಿದ್ದದ್ದಕ್ಕೆ ರೋಗಿಯ ಆಲಸ್ಯವೇ ಕಾರಣವೆಂದು ಜರೆಯುವುದು ಕ್ರೌರ್ಯ. ಮೂರು ಪಾಲುಗಳಲ್ಲಿ ಒಂದನ್ನು ಮರೆಯುವುದು ಹೇಗೆ ತಪ್ಪೋ, ಒಂದನ್ನೇ ಎಲ್ಲವೆಂದು ಮಾಡುವುದೂ ಹಾಗೆಯೇ ತಪ್ಪು.

ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕಾಲೇಜಿನಲ್ಲಿ 1946ರಿಂದ ಕೆಲಸಮಾಡಿದ ಡಾಕ್ಟರ್ ಪಾಲ್ ಬ್ರ್ಯಾಂಡ್ ಅವರ ಅನುಭವ ಇಲ್ಲಿ ಉಲ್ಲೇಖಾರ್ಹವಾದದ್ದು. ಕೊಲ್ಲಿಮಲೆಯಲ್ಲಿ ಹುಟ್ಟಿದ ಇವರು, ಕುಷ್ಠರೋಗಿಗಳ ಬೆರಳುಗಳು ರೋಗದಿಂದ ಕೊಳೆತು ಉದುರುವುದಿಲ್ಲವೆಂದೂ, ನರಗಳು ಕೆಟ್ಟು ನೋವು ತಿಳಿಯದಿರುವುದರಿಂದ ಸುಟ್ಟು, ತರಚಿ, ಒತ್ತಿ ಹಾಳಾಗುವುವೆಂದೂ ತೋರಿಸಿಕೊಟ್ಟರು. ಮುಂದೆ ಅಮೆರಿಕದಲ್ಲಿದ್ದಾಗ, ನೋವಿಗೆ ಪ್ರತಿನಿಧಿಯಾಗಿ ಒಂದು ಯಂತ್ರವನ್ನು ಮಾಡಲು ಅವರು ಪ್ರಯತ್ನಪಟ್ಟರು: ಬೆರಳಿಗೆ ಅಪಾಯವಾಗುವಷ್ಟು ಒತ್ತಡ ಬಿದ್ದರೆ ಮೈಯ ಅರಿವಿರುವ ಭಾಗಕ್ಕೆ ವಿದ್ಯುತ್ತಿನ ಪೆಟ್ಟು ತಾಗುವಂತೆ. ಫಲವೇನಾಯಿತು? ಅಪಾಯದ ಕೆಲಸವನ್ನು ಮಾಡಬೇಕೆನ್ನಿಸಿದಾಗ ರೋಗಿಗಳು ಯಂತ್ರವನ್ನು ನಿಲ್ಲಿಸಿಬಿಡುತ್ತಿದ್ದರು. ವಾರ್ತೆ ಬಂದ ಮಾತ್ರಕ್ಕೆ ಅರಿವಾಗುವುದಿಲ್ಲ, ಅದು ತನ್ನದೆನ್ನಿಸಬೇಕು. ಹೊರಗಿನ ಕೂಗು ನನ್ನ ನೋವಾಗಲಾರದು.

ಹಾಗಾದರೆ ಕೈಗೆ ಪಾಠ ಹೇಳುವುದು ಹೇಗೆ? ವಿಧಾನ ಕಠಿನವಾದದ್ದೇನಲ್ಲ. ತಂತುಗಳು ಬೆರಳಿಗೆ ಬಂದು ಸೇರಿದ ಮೇಲೆ, ಬೆರಳಿನ ಮೇಲೆ ಒಂದು ವಸ್ತುವನ್ನು ಆಡಿಸಿ, ಕಣ್ಣುಬಿಟ್ಟು ನೋಡಬೇಕು. ಕಣ್ಣು ಮುಚ್ಚಿ ಮತ್ತೆ ಮುಟ್ಟಿ, ಕಂಡದ್ದಕ್ಕೂ ಮುಟ್ಟಿದ್ದಕ್ಕೂ ತಾಳೆನೋಡಬೇಕು. ತಪ್ಪಿದರೆ ಪುನಃ ಕಣ್ಣುಬಿಡಬೇಕು. ಮೊದಲು ದೊಡ್ಡವು, ಬೇರೆಬೇರೆಯಾದವು. ಬರಬರುತ್ತಾ ಸಣ್ಣವು, ಒಂದನ್ನೊಂದು ಹೋಲುವವು. ಸ್ಪರ್ಶದ ಈ ಮರುಶಿಕ್ಷಣವನ್ನು 1970ರ ದಶಕದಲ್ಲಿ ಕ್ರಮಬದ್ಧವಾಗಿ ಬೆಳೆಸಿದವರಲ್ಲಿ ಅಮೆರಿಕದ ಲೀ ಡೆಲ್ಲನ್ ಒಬ್ಬರು. ನಮ್ಮ ಮನೆಗಳಲ್ಲಿ ಇದಕ್ಕೆ ಬೇಕಾದ ಸಲಕರಣೆಗಳಿಗೆ ಬರವೇನೂ ಇಲ್ಲ: ಒಂದು ಮೊರದಲ್ಲಿ ರಾಗಿ, ಅಕ್ಕಿ, ಕಡಲೆ, ಅಂಗಿಯ ಗುಂಡಿ, ನಾಣ್ಯ, ಬೀಗದ ಕೈ, ಹತ್ತಿಬಟ್ಟೆ, ರೇಷ್ಮೆ, ಗೋಣಿತಟ್ಟು. ಕೊರತೆ ಇರುವುದು ಸಲಕರಣೆಗಲ್ಲ, ದಿನವೂ ಕಾಲುಗಂಟೆ ಎದುರಿಗೆ ಕುಳಿತು ಹೇಳಿಕೊಡುವವರಿಗೆ, ಮತ್ತು ಇದು ಚಿಕಿತ್ಸೆಯೇ ಹೌದೆಂಬ ನಂಬಿಕೆಗೆ. ಗಾಯ ಮಾಯ್ದು ಹೊಲಿಗೆ ಬಿಚ್ಚಿದ ದಿನ ಆಸ್ಪತ್ರೆಯ ಕಾಗದದಲ್ಲಿ ರೋಗಿ ಗುಣಮುಖನಾಗುತ್ತಾನೆ. ಅವನ ಬೆರಳಿನ ಲೆಕ್ಕದಲ್ಲಿ ಆಗಿನ್ನೂ ಪಯಣ ಹೊರಟಿರುವುದಷ್ಟೇ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿಯವರು ಮರಳಿದ ಸ್ಪರ್ಶಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ದರ್ಜೆಗಳನ್ನು ಗೊತ್ತುಮಾಡಿದರು. ಅಳತೆ ಬೇಕಾದದ್ದೇ; ಆದರೆ ಬಿಸಿ, ತಂಪು, ನೋವು ತಿಳಿದರೆ ಕಾವಲುಗಾರನಿಗೆ ಸಾಕಾಗುವ ಕೈ ದರ್ಜಿಗೆ ಸಾಲದು. ಎಷ್ಟು ಮರಳಿತೆಂಬ ಪ್ರಶ್ನೆ, ಯಾವ ಕೆಲಸಕ್ಕೆ ಮರಳಿತೆಂಬ ಪ್ರಶ್ನೆಯಿಲ್ಲದೆ ಪೂರ್ಣವಾಗದು. ಇದೇ ಕಾರಣದಿಂದ ಮೋಬರ್ಗ್, ಸೂಜಿ ಚುಚ್ಚಿ ನೋಡುವ ಪರೀಕ್ಷೆಯಿಂದ ತೃಪ್ತರಾಗದೆ, ಮೇಜಿನ ಮೇಲೆ ಚಿಲ್ಲರೆ ವಸ್ತುಗಳನ್ನು ಹರಡಿ, ಕಣ್ಣು ಮುಚ್ಚಿ ಹೆಕ್ಕಿರೆಂದು ರೋಗಿಗೆ ಹೇಳುತ್ತಿದ್ದರು.

ತಂತುಗಳು ಬೆರಳನ್ನು ತಲುಪುವುದಕ್ಕೆ ಮೊದಲಿನ ಖಾಲಿ ತಿಂಗಳುಗಳಲ್ಲಿಯೂ ಪಾಠವನ್ನು ತೊಡಗಬಹುದೆಂದು ಮಾಲ್ಮೊದಲ್ಲಿ ಲುಂಡ್‌ಬೋರ್ಗ್ ಅವರೂ ಬಿರ್ಗಿಟ್ಟಾ ರೋಸೇನ್ ಅವರೂ ಯೋಚಿಸಿದರು. ಅವರು ಬಳಸಿದ ಉಪಾಯಗಳಲ್ಲೊಂದು, ಕೌತುಕವೆಂಬಂತೆ, ಕನ್ನಡಿ. ಮರಗಟ್ಟಿದ ಕೈಯನ್ನು ಕನ್ನಡಿಯ ಹಿಂದೆ ಮರೆಯಾಗಿಟ್ಟು, ಸ್ವಸ್ಥವಾದ ಕೈಯನ್ನು ಮುಂದಿಟ್ಟು ಮುಟ್ಟುತ್ತಾರೆ. ರೋಗಿಯ ಕಣ್ಣಿಗೆ ಪ್ರತಿಬಿಂಬದಲ್ಲಿ ಕಾಣುವುದು ತನ್ನ ನೊಂದ ಕೈಯನ್ನೇ ಯಾರೋ ಮುಟ್ಟುತ್ತಿರುವ ಹಾಗೆ. ಹೀಗೆ, ನೆರೆಯವರು ಆಕ್ರಮಿಸಿಕೊಳ್ಳುತ್ತಿರುವ ಮಿದುಳಿನ ಹೊಲದಲ್ಲಿ ಕೈಯ ಹೆಸರು ಅಳಿಸಿಹೋಗದಂತೆ ಕಣ್ಣು ಕಾಯುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂಬ ಪ್ರಶ್ನೆಗೆ ಬೇಕೆಂದು ಉತ್ತರಿಸುವ ಪ್ರಸಂಗವೂ ಒಂದುಂಟು ಎಂದಾಯಿತು.

ನಮ್ಮ ದರ್ಜಿಯ ಕೈ ಒಂದೆರಡು ವರ್ಷಗಳ ಮೇಲೆ ಯಾವ ಸ್ಥಿತಿಗೆ ಬಂದೀತು? ಚಳಿಗಾಲದಲ್ಲಿ ಬೆರಳು ಈಗಲೂ ಸೆಡೆತುಕೊಳ್ಳುತ್ತದೆ. ರೇಷ್ಮೆ ಮುಟ್ಟಿದರೆ ಮೊದಲಿನ ರೇಷ್ಮೆಯಲ್ಲ, ಅದರ ನಡುವೆ ಏನೋ ಒಂದು ತೆಳ್ಳನೆಯ ಮರೆ. ಆದರೂ ಅವನು ಕಣ್ಣು ಹಾಯಿಸದೆಯೇ ಸೂಜಿಯನ್ನು ಮಣೆಯ ಮೇಲಿಂದ ಎತ್ತಿಕೊಳ್ಳುತ್ತಾನೆ. ಯಾಕೆಂದರೆ ಆ ತೆಳ್ಳನೆಯ ಮರೆಯ ಆಚೆಯಿಂದ ಬರುವ ಮಾತನ್ನು ಅವನು ಕಲಿತಿದ್ದಾನೆ. ಈಗ ಹೇಗಿದೆಯೆಂದು ಅವನನ್ನು ಕೇಳಿದರೆ, ಮೊದಲಿನಂತಾಯಿತೆಂದು ಅವನು ಹೇಳಲಾರನು, ಹೇಳಿದರೆ ಅದು ನಿಜವೂ ಆಗಲಾರದು. ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿಕೊಂಡು ಅವನು ಹೇಳಬಹುದಾದ ಉತ್ತರ ಒಂದೇ: “ಮುಂಚಿನ ಹಾಗಿಲ್ಲ, ಸ್ವಾಮಿ, ಆದರೆ ತಿಳಿಯುತ್ತದೆ.”